ಹದಿನಾರು ಅಂಕದ ಪ್ರಶ್ನೆ

ಏಳಕ್ಕೆ ಕೊನೆಯ ಮಗುವೂ ಇಳಿದ ಮೇಲೆ
ಬಸ್ಸು ನನ್ನದು.
ಐವತ್ತೆರಡು ಸೀಟು, ಯಾರೋ ಮರೆತ ನೀರಿನ ಬಾಟಲಿ,
ಕಿಟಕಿಗೆ ಅಂಟಿದ ಅರ್ಧ ಬಿಸ್ಕತ್ತು.
ಈಸಾ ಟೌನಿನ ಈ ಗೋಡೆಯ ನೆರಳು ಸರಿದಂತೆಲ್ಲ
ಗುಲ್ ಜಮಾನ್ ಬಸ್ಸನ್ನೂ ಒಂದೊಂದು ಮಾರು ಸರಿಸುತ್ತಾನೆ.
ಡೀಸೆಲ್ ಲೆಕ್ಕ ಕೊಡಬೇಕು, ಎಸಿ ಹಾಕುವಂತಿಲ್ಲ.
ಮುಂಗೈ ಬೆವರಿಗೆ ಹಾಳೆ ಅಂಟುತ್ತದೆ,
‘ಅಸ್ತಿತ್ವ’ ಎಂಬಲ್ಲಿ ಒತ್ತುಗಳು ಕರಗಿ
ನೀಲಿ ಕಲೆ.

ಎಂ.ಎ. ಕನ್ನಡ, ಅಂಚೆ ಶಿಕ್ಷಣ, ಎರಡನೇ ವರ್ಷ,
ನಾಲ್ಕನೇ ಪತ್ರಿಕೆ: ಆಧುನಿಕ ಕಾದಂಬರಿ.
ಮೂರು ಗಂಟೆಗೆ ಐದು ಪ್ರಬಂಧ,
ಒಂದಕ್ಕೆ ಮೂವತ್ತಾರು ನಿಮಿಷ.
ಗೈಡು ಹೇಳುತ್ತದೆ: ಪೀಠಿಕೆ ಚಿಕ್ಕದಿರಲಿ,
ಮುಖ್ಯಾಂಶಗಳಿಗೆ ಅಡಿಗೆರೆ ಎಳೆಯಿರಿ,
ಉಪಸಂಹಾರವನ್ನು ‘ಒಟ್ಟಿನಲ್ಲಿ’ ಎಂದು ಶುರುಮಾಡಿ.
ಮಾಡುತ್ತೇನೆ. ಒಟ್ಟಿನಲ್ಲಿ. ಒಟ್ಟಿನಲ್ಲಿ.
ಮೊಬೈಲಿನಲ್ಲಿ ಅಲಾರಂ ಇಟ್ಟು ಕೂತರೆ
ಅದು ಹೊಡೆದುಕೊಳ್ಳುವಾಗ
ನಾನಿನ್ನೂ ನಾಯಕನ ಬಾಲ್ಯದಲ್ಲೇ ಇರುತ್ತೇನೆ.

ಪರೀಕ್ಷೆ ಮಂಗಳೂರಲ್ಲಿ. ರಜೆ ಒಂಬತ್ತು ದಿನ, ಸಂಬಳವಿಲ್ಲ.
ಟಿಕೇಟಿಗೆ ಚೀಟಿ ಎತ್ತಿದ್ದೇನೆ.
ಗಂಡ ಕೇಳಿದ್ದು ಒಂದೇ ಮಾತು: ಪಾಸಾದರೆ ಏನಾಗುತ್ತದೆ?
ಆ ಪ್ರಶ್ನೆಗೆ ಎಷ್ಟು ಅಂಕವೋ ಗೊತ್ತಿಲ್ಲ.

‘ಏನದು ಕಥೆ?’ ಎಂದ ಗುಲ್ ಜಮಾನ್ ಒಂದು ದಿನ.
ನನ್ನ ಹಿಂದಿ ಕುಂಟು, ಅವನದರಲ್ಲಿ ಅರ್ಧ ಪಶ್ತೋ.
ಹೇಳಿದೆ: ಒಬ್ಬ ಗುಮಾಸ್ತ. ಬೆಳಿಗ್ಗೆ ಆಫೀಸಿಗೆಂದು ಹೊರಟವನು
ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂರುತ್ತಾನೆ, ಹನ್ನೊಂದು ದಿನ.
ರೈಲು ಬರುತ್ತದೆ, ಹೋಗುತ್ತದೆ, ಇವನು ಹತ್ತುವುದಿಲ್ಲ.
ಯೋಚಿಸುತ್ತಾನೆ. ಮುನ್ನೂರು ಪುಟ.
ಆಮೇಲೆ?
ಆಮೇಲೆ ಮುಗಿಯಿತು.
ಬಹಳ ಹೊತ್ತು ಸ್ಟಿಯರಿಂಗ್ ಒರೆಸಿದ.
ಹನ್ನೊಂದು ದಿನ, ಎಂದ,
ಅವನ ಚಹಾಕ್ಕೆ ಕಾಸು ಕೊಟ್ಟವರು ಯಾರು?

ಗೈಡಿನಲ್ಲಿ ಇಲ್ಲ.
ವಿಮರ್ಶೆಯ ಜೆರಾಕ್ಸ್ ಕಂತೆಯಲ್ಲಿ ಅನಾಥಪ್ರಜ್ಞೆ ಇದೆ,
ಪರಕೀಯತೆ ಇದೆ, ಕಾಲದ ಸ್ತಂಭನವೂ ಇದೆ,
ಚಹಾ ಇಲ್ಲ.
ಮೂರು ದಿನ ಹುಡುಕಿದೆ.
ನೂರ ನಲವತ್ತಮೂರನೇ ಪುಟ, ಕೆಳಗಿನಿಂದ ನಾಲ್ಕನೇ ಸಾಲು:
‘ಹುಡುಗ ಲೋಟ ಇಟ್ಟು ಹೋದ.’
ಅಷ್ಟೇ. ಹೆಸರಿಲ್ಲ, ಕಾಸಿನ ಸುದ್ದಿಯಿಲ್ಲ,
ಮುಂದಿನ ಸಾಲಿಗೆ ನಾಯಕ ಮತ್ತೆ ಶೂನ್ಯ ನೋಡುತ್ತಾನೆ.

ಹತ್ತಕ್ಕೆ ಗುಲ್ ಜಮಾನ್ ಎರಡು ಸಲ ಹಾರ್ನ್ ಒತ್ತುತ್ತಾನೆ.
ಕರಕ್ ಅಂಗಡಿಯ ಹುಡುಗ ಓಡಿ ಬರುತ್ತಾನೆ
ಬಿಸಿಲಿಗೆ ಒಂದು ಕಣ್ಣು ಮುಚ್ಚಿಕೊಂಡು,
ಎರಡು ಕಾಗದದ ಲೋಟ, ಲೋಟಕ್ಕೆ ನೂರು ಫಿಲ್ಸ್.
ಎರಡು ವರ್ಷದಿಂದ.
ಕೊಡುವವನು ಗುಲ್ ಜಮಾನ್. ನಾನು ಲೆಕ್ಕ ಇಟ್ಟಿಲ್ಲ.
ಇವತ್ತು ಚಿಲ್ಲರೆ ನಾನೇ ಹಿಡಿದು, ಗಾಜು ಜರುಗಿಸಿ
ಹುಡುಗನ ಹೆಸರು ಕೇಳಿದೆ.
ಗಾಬರಿಯಾದ.
ಯಾಕೆ ಮೇಡಂ, ಸಕ್ಕರೆ ಕಮ್ಮಿಯಾಯಿತಾ?
ಹಾಗಲ್ಲಪ್ಪಾ ಎನ್ನುವಷ್ಟರಲ್ಲಿ
ಇನ್ನೊಂದು ಗಾಡಿಯ ಹಾರ್ನಿಗೆ ಓಡಿದ.

ಅಲಾರಂ ಇಟ್ಟೆ. ಮೂವತ್ತಾರು ನಿಮಿಷ.
ಪ್ರಶ್ನೆ: ನಾಯಕನ ಏಕಾಂಗಿತನವನ್ನು ಕುರಿತು ಚರ್ಚಿಸಿ.
ಪೀಠಿಕೆ ಬಿಟ್ಟೇಬಿಟ್ಟೆ.
‘ನಾಯಕನು ಏಕಾಂಗಿ ಎನ್ನುವುದು ಪೂರ್ತಿ ನಿಜವಲ್ಲ.
ದಿನಕ್ಕೆ ಎರಡು ಸಲವಾದರೂ ಒಬ್ಬನು ಬಂದು ಹೋಗುತ್ತಿದ್ದನು.’
ಅಡಿಗೆರೆ ಎಳೆದೆ, ಸ್ಕೇಲಿಲ್ಲದೆ.
ಮೌಲ್ಯಮಾಪಕರು ಪಕ್ಕದಲ್ಲಿ ಕೆಂಪು ಪ್ರಶ್ನಾರ್ಥಕ ಹಾಕಿಯಾರು,
ಹದಿನಾರಕ್ಕೆ ನಾಲ್ಕು ಕೊಟ್ಟಾರು.
ಅವರ ಮೇಜಿಗೂ ಹನ್ನೊಂದರ ಹೊತ್ತಿಗೆ
ಯಾರಾದರೂ ಲೋಟ ತಂದಿಟ್ಟಿರುತ್ತಾರೆ.

ಮುಹರಕ್ ಕಡೆಗೆ ವಿಮಾನವೊಂದು ತಗ್ಗುತ್ತಿತ್ತು.
‘ಆ ಹುಡುಗನು’ ಎಂದು ಬರೆಯುತ್ತಿದ್ದೆ,
ನೆರಳು ಸರಿಯಿತೆಂದು
ಗುಲ್ ಜಮಾನ್ ಇಂಜಿನ್ ಚಾಲೂ ಮಾಡಿದ.
ಬಸ್ಸು ಒಂದು ಮಾರು ಮುಂದೆ ಹೋಯಿತು.
‘ಹು’ವಿನ ಕೊಂಬು ಎಳೆದುಕೊಂಡು ಹೋಗಿ
ಹಾಳೆಯ ಅಂಚು ದಾಟಿ
ಸೀಟಿನ ರೆಕ್ಸಿನ್ ಮೇಲೆ ನಿಂತಿತು.